ಹದಿನೈದೇ ದಿನಕ್ಕೆ ಮತ್ತೆ ಇಲ್ಲಣ, ಎಂತ ಮಾಡೋದು ಮಾರಾಯ್ರೆ?

ತೀರ್ಥಹಳ್ಳಿ ಸೊಸೆ:
ನಮ್ಮದು ಹಂಚಿನ ಮನೆ. ಭೂಮಿ ಹುಣ್ಣಿಮೆಗೆ ಮುಂಚೆ ದೋಟಿಗೆ ಹಿಡಿ ಕಟ್ಕೊಂಡು, ತಲೆಗೆ ಟವೆಲ್ ಸುತ್ಕೊಂಡು ಇಡೀ ಮನೆ ಇಲ್ಲಣ (ಹೊಗೆ, ಧೂಳು ಹಿಡಿದ ಜೇಡರ ಬಲೆ) ಹೊಡೆದೆ. 2 ದಿನ ಕುತ್ತಿಗೆ ತಿರುಗಲಿಲ್ಲ. ದೀಪಾವಳಿ ಹೊತ್ತಿಗೆ ನೋಡಿದ್ರೆ ಬಚ್ಚಲುಮನೆ ಜಂತೆಯಲ್ಲಿ ಕಪ್ಪು ಮಾಲೆ ಹಾಗೆ ಮತ್ತೆ ನೇತಾಡ್ತಿದೆ! "ನೀ ಹೊಡೆದದ್ದೇ ಸುಳ್ಳು" ಅಂತಾರೆ ಅತ್ತೆ. ಆ ಬಲೆಯಲ್ಲಿ ಹುಡುಕಿದ್ರೂ ಒಂದು ಜೇಡ ಕಾಣಲ್ಲ. ತೋಟದ ಜೇಡ ಚಕ್ರದ ಹಾಗೆ ಎಷ್ಟು ಚಂದ ನೇಯುತ್ತೆ, ಮನೆಯೊಳಗಿಂದು ಮಾತ್ರ ಯಾಕೆ ಹರಿದ ಗೋಣಿ?

ದಬ್ಬೆ ಸಂಕ:
ನೀವು ಹೊಡೆದದ್ದು ನಿಜ ಅಂತ ಅತ್ತೆಗೆ ಹೇಳಿ. ಬಲೆ ಹೋಯ್ತು, ಜೇಡ ಸಂದಿಯಲ್ಲೇ ಉಳೀತು. ಅದು ಮತ್ತೆ ಎಳೆ ಹಾಕಿದ್ದು ನಿಮಗೆ ಕಾಣಲಿಲ್ಲ, ಯಾಕಂದ್ರೆ ಹೊಸ ಎಳೆ ಕಣ್ಣಿಗೆ ಬೀಳೋದೇ ಇಲ್ಲ. ಬಚ್ಚಲೊಲೆ ಹೊಗೆ, ಧೂಳು ಕೂತು ಕಪ್ಪಾದ ಮೇಲೆ ಇಲ್ಲಣ ಅಂತೀವಿ. ಎಷ್ಟೋ ಸಲ ಅಷ್ಟು ಹೊತ್ತಿಗೆ ಜೇಡ ಮನೆ ಖಾಲಿ ಮಾಡಿರುತ್ತೆ.

ರಾತ್ರಿ ಜಂತೆ ಸಂದಿಗೆ ಟಾರ್ಚ್ ಬಿಡಿ. ಕೂದಲಿನಂಥ ಕಾಲಿನ ಸಣಕಲು ಜೇಡ ತಲೆಕೆಳಗಾಗಿ ನೇತಾಡ್ತಿರುತ್ತೆ. ಕಡ್ಡಿ ತಾಗಿಸಿದ್ರೆ ಇಡೀ ಮೈ ಗಿರಗಿರ ಅಲ್ಲಾಡಿಸಿ ಮಸುಕಾಗಿಬಿಡುತ್ತೆ. ಹಳೇ ಬಲೆ ಕೀಳೋ ಅಭ್ಯಾಸ ಅದಕ್ಕಿಲ್ಲ, ಅದರ ಮೇಲೇ ಎಳೆ ಸೇರಿಸ್ತಾ ಹೋಗುತ್ತೆ. ಹೆಣ್ಣು ಮೊಟ್ಟೆ ಗೊಂಚಲನ್ನ ಬಾಯಲ್ಲೇ ಕಚ್ಚಿಕೊಂಡು ತಿರುಗುತ್ತೆ. ಬಲೆ ಮಾತ್ರ ಹೊಡೆದ್ರೆ ಅದರ ಸಂಸಾರಕ್ಕೆ ಎಂತದೂ ಆಗಲ್ಲ.

ತೋಟದ್ದು ಬೇರೆ ಜಾತಿ. ಮಳೆಗಾಲದ ಕೊನೆಗೆ ಒಂದು ಸಂಜೆ ಅಡಿಕೆ ಮರದ ಬುಡದಲ್ಲಿ ಕೂತು ನೋಡಿದ್ದೆ, ಇಂಬಳ (ಜಿಗಣೆ) ಕಚ್ಚಿದ್ದೂ ಗೊತ್ತಾಗಲಿಲ್ಲ. ಮೊದಲು ಹೊಟ್ಟೆ ತುದಿ ಎತ್ತಿ ಗಾಳಿಗೆ ಒಂದು ಎಳೆ ಬಿಡ್ತು. ಅದು ಆಚೆ ಮೆಣಸಿನ ಬಳ್ಳಿಗೆ ತಗುಲಿತು. ಎಳೆದು ಬಿಗಿ ಮಾಡ್ಕೊಂಡು ಅದರ ಮೇಲೇ ನಡೀತು, ನಮ್ಮ ಸಂಕ ದಾಟಿದ ಹಾಗೆ. ಆಮೇಲೆ ಸೈಕಲ್ ಕಡ್ಡಿ ಹಾಗೆ ನಡುವಿಂದ ಎಳೆಗಳು. ಅದರ ಮೇಲೆ ಅಂಟಿಲ್ಲದ ಒಂದು ಸುರುಳಿ, ಇದು ಬರೀ ಸಾರುವೆ. ಕೊನೆಗೆ ಹೊರಗಿಂದ ಒಳಕ್ಕೆ ಅಂಟಿನ ಸುರುಳಿ ಹಾಕ್ತಾ, ಸಾರುವೆ ಕಳಚ್ತಾ ಬಂತು. 1 ಗಂಟೆಯೂ ಹಿಡೀಲಿಲ್ಲ. ಇವುಗಳಲ್ಲಿ ಬಹಳಷ್ಟು ಹಳೇ ಬಲೆಯನ್ನ ತಿಂದೇ ಹೊಸದು ನೇಯ್ತವೆ, ಅದೇ ಪ್ರೋಟೀನ್ ಮತ್ತೆ ನೂಲು. ತೋಟದಲ್ಲಿ ಇಲ್ಲಣ ಎಲ್ಲಿಂದ ಬರಬೇಕು?

ಸಾಗರದ ಮಾಣಿ:
ಹೊಟ್ಟೆಯೊಳಗೆ ನೂಲಿನ ಉಂಡೆ ಇರುತ್ತಾ ಹಾಗಾದ್ರೆ? ನಮ್ಮನೆ ಗೋಡೆ ಮೇಲೆ ಅಂಗೈ ಅಗಲದ್ದೊಂದು ಓಡಾಡುತ್ತೆ, ಹೊಟ್ಟೆ ಕೆಳಗೆ ಬಿಳಿ ಬಿಲ್ಲೆ ಹೊತ್ಕೊಂಡು. ಅದರ ಬಲೆ ಎಲ್ಲೂ ಸಿಕ್ಕಿಲ್ಲ.

ದಬ್ಬೆ ಸಂಕ:
ಒಳಗಿರೋದು ದ್ರವ. ಹೊಟ್ಟೆ ತುದಿಯ ಸಣ್ಣ ಮೊಲೆಯಂಥ ನಳಿಗೆಗಳಿಂದ ಎಳೆದ ಹಾಗೆ ಗಟ್ಟಿ ದಾರ ಆಗುತ್ತೆ. ಅದಕ್ಕೇ ಹಿಂಗಾಲಲ್ಲಿ ಎಳೀತಾ ಇರುತ್ತೆ. ಹಳೇ ಕನ್ನಡದಲ್ಲಿ ಜೇಡ ಅಂದ್ರೆ ನೇಕಾರ ತಾನೇ? ನಿಮ್ಮ ಗೋಡೆಯದು ಬಲೆ ಕಟ್ಟೋ ಜಾತಿಯಲ್ಲ, ಓಡಿ ಜಿರಲೆ ಹಿಡಿಯುತ್ತೆ. ಬಿಳಿ ಬಿಲ್ಲೆ ಮೊಟ್ಟೆ ಚೀಲ.

ಸೊಸೆಯವರೆ, ಬಚ್ಚಲ ಬಲ್ಬು ರಾತ್ರಿಯಿಡೀ ಉರೀತಿದ್ರೆ ಆರಿಸಿ. ಬೆಳಕಿಗೆ ಹುಳ, ಹುಳಕ್ಕೆ ಜೇಡ.

ತೀರ್ಥಹಳ್ಳಿ ಸೊಸೆ:
ಟಾರ್ಚ್ ಬಿಟ್ಟೆ. ಬಚ್ಚಲಲ್ಲೇ 11 ಸಿಕ್ತು! ಒಂದರ ಬಾಯಲ್ಲಿ ಸಾಬಕ್ಕಿ ಮುದ್ದೆ ಹಾಗೆ ಗೊಂಚಲು. ಅತ್ತೆನ ಕರೆದು ತೋರಿಸಿದೆ. ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು. "ಬಸುರಿ ಕಣೇ, ಅದನ್ನ ಬಿಡು" ಅಂದ್ರು. ಈಗ ಆ ಮೂಲೆ ಬಿಟ್ಟು ಇಲ್ಲಣ ಹೊಡೀಬೇಕಂತೆ.