ಪದ ಬೇಕು, ತುರ್ತು: ಪಿಕಪ್ ಬೆಲ್ಟಿನ ಸದ್ದಿಗೆ, ಬೇರಿಂಗಿನ ಸದ್ದಿಗೆ

ಕೋಲಾರದಿಂದ:

ಬಳಗದ ಎಲ್ಲರಿಗೂ ನಮಸ್ಕಾರ. ಇಲ್ಲಿನ ಟೊಮೆಟೊ ಮಂಡಿಗೆ ಬರುವ ಪಿಕಪ್ ಚಾಲಕರಿಗಾಗಿ ಒಂದು ಗೋಡೆಪಟ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಗ್ಗೆ ಪ್ರೆಸ್ಸಿಗೆ ಕೊಡಬೇಕು. ಇಂಗ್ಲಿಷ್ ಮೂಲದಲ್ಲಿ ನಾಲ್ಕು ಸದ್ದಿಗೆ ನಾಲ್ಕು ಪದಗಳಿವೆ. ಬೆಲ್ಟ್ ಜಾರುವಾಗ ಒಂದೇ ಸಮನೆ ಬರುವ ಚೂಪು ಸದ್ದು (ಚಳಿಯ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ, ಹೆಡ್‌ಲೈಟ್ ಹಾಕಿದಾಗ ಹೆಚ್ಚು). ಬೆಲ್ಟ್ ಸುತ್ತುವ ಗಾಲಿಗಳು, ಅಂದರೆ ಪುಲ್ಲಿಗಳು, ಒಂದೇ ನೇರಕ್ಕೆ ಇಲ್ಲದಿದ್ದರೆ ಗುಬ್ಬಿಯ ಹಾಗೆ ಬಿಟ್ಟು ಬಿಟ್ಟು ಬರುವುದು. ಬೇರಿಂಗ್ ಸವೆದಾಗಿನ ಒರಟು ಸದ್ದು. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಡಯೋಡ್ ಕೆಟ್ಟಾಗ ಒಳಗಿನಿಂದ ಬರುವ ಸಣ್ಣ ದನಿ. ನಾಲ್ಕಕ್ಕೂ ‘ಕರ್ಕಶ ಶಬ್ದ’ ಎಂದು ಬರೆದುಕೊಂಡು ಹೋಗಿದ್ದೆ. ಗ್ಯಾರೇಜಿನ ಅಣ್ಣ ಓದಿ, ‘ಇದನ್ನ ನೋಡಿ ಬೆಲ್ಟ್ ಹಾಕಬೇಕಾ, ಡೈನಮೋ ಬಿಚ್ಚಬೇಕಾ?’ ಅಂದರು. ಅವರ ಮಾತು ಸರಿ. ದಯವಿಟ್ಟು ಇಂದೇ ತಿಳಿಸಿ.

ಶಿವಮೊಗ್ಗದಿಂದ:

ಮೊದಲು ಬೆಲ್ಟನ್ನು ಕಿತ್ತುಹಾಕಿ. ಕನ್ನಡದಲ್ಲಿ ಬಾರು ಇದೆ, ತಮಿಳಿನಲ್ಲಿ ವಾರ್. ಪುಲ್ಲಿಗೆ ರಾಟೆ. ಶಬ್ದವೂ ಬೇಡ, ಸದ್ದು ಎನ್ನಿ, ಅದು ಅಚ್ಚಗನ್ನಡ. ನುಡಿ ದುರಸ್ತಿ ಆಗಬೇಕಾದರೆ ಗೋಡೆಪಟದಿಂದಲೇ ಶುರುವಾಗಲಿ.

ಮೈಸೂರಿನಿಂದ:

ಸದ್ದು ಅಚ್ಚಗನ್ನಡವಲ್ಲ, ಶಬ್ದದ ತದ್ಭವ. ಪ್ರಾಕೃತದ ‘ಸದ್ದ’ದ ಹಾದಿಯಲ್ಲಿ ಬಂದದ್ದು. ದುರಸ್ತಿ ಪಾರಸಿಯದು. ಇವೆರಡೂ ನಮ್ಮವಾಗಿವೆ, ಬೆಲ್ಟೂ ಆಗಿದೆ. ಇನ್ನು ಆ ವಿಷಯ ಸಾಕು.

ಕೇಳಿದವರಿಗೆ: ನಿಘಂಟಿನ ನಾಮಪದ ಹುಡುಕಬೇಡಿ, ಕ್ರಿಯಾಪದ ಹುಡುಕಿ. ಕನ್ನಡದ ಬಲ ಇರುವುದು ಅನುಕರಣ ಪದಗಳಲ್ಲಿ; ಹಳಗನ್ನಡದ ವ್ಯಾಕರಣಕಾರ ಕೇಶಿರಾಜನ ಕಾಲದಿಂದಲೂ ವ್ಯಾಕರಣ ಅವನ್ನು ಗುರುತಿಸಿದೆ. ಅವುಗಳ ಬಾಲ ನೋಡಿ, ನನ್ನ ಕಿವಿಗೆ ಕೇಳಿಸುವುದು ಹೀಗೆ. ‘ಎನ್ನು’ ಬಂದರೆ ಒಂದು ಸಲದ ಸದ್ದು: ಕಿರ್ರೆಂದಿತು, ಟಪ್ಪೆಂದಿತು. ‘ಗುಟ್ಟು’ ಬಂದರೆ ಮತ್ತೆ ಮತ್ತೆ ಬರುವುದು: ವಟಗುಟ್ಟು, ಲೊಚಗುಟ್ಟು. ‘ಗುಡು’ ಬಂದರೆ ಎಳೆ ಕಡಿಯದ ದನಿ: ಗುಂಯ್‌ಗುಡು. ನಾನು ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದೇನೆ, ಈ ಮೂರು ಬಾಲ ನಮ್ಮ ಇಡೀ ತಾಂತ್ರಿಕ ಬರವಣಿಗೆಯನ್ನು ಹೊರಬಲ್ಲವು. ಹಾಗಾಗಿ ಜಾರುವ ಬೆಲ್ಟ್ ಕೀರಲು ದನಿಯಲ್ಲಿ ಕಿರುಚುತ್ತದೆ, ನೇರ ತಪ್ಪಿದ್ದು ಚಿಂವ್‌ಗುಟ್ಟುತ್ತದೆ, ಸವೆದ ಬೇರಿಂಗ್ ಗೊರಗುಟ್ಟುತ್ತದೆ (ಗೊರಕೆಯ ಗೊರವೇ ಇದು), ಡಯೋಡ್ ಹೋದ ಆಲ್ಟರ್ನೇಟರ್ ಗುಂಯ್‌ಗುಡುತ್ತದೆ.

ಹುಬ್ಬಳ್ಳಿಯಿಂದ:

ಗೊರಗುಟ್ಟುವುದು ಭೇಷ್ ಐತ್ರಿ, ಅದನ್ನ ಇಟ್ಟುಕೊಳ್ರಿ. ಆದರ ಕೀರಲು ದನಿ ಅಂತ ನಮ್ಮ ಗ್ಯಾರೇಜಿನ್ಯಾಗ ಯಾರೂ ಅನ್ನಂಗಿಲ್ಲ. ಬೆಲ್ಟ್ ಒದರ್ತೈತಿ ಅಂತಾರ. ನಿಮ್ಮ ಕಡೆ ಕೂಗ್ತದೆ ಅಂತಾರ. ಕುಕ್ಕರ್ ಕೂಗಿದಂಗ ಬೆಲ್ಟೂ ಕೂಗಲಿ ಬಿಡ್ರಿ, ಏನು ತಪ್ಪು?

ಪದಕ್ಕಿಂತ ಮುಂಚೆ ಪರೀಕ್ಷೆ ಬರೀರಿ. ಇಂಜಿನ್ ಓಡ್ತಿರುವಾಗ ಬೆಲ್ಟಿನ ಒಳಮೈಗೆ ದೂರದಿಂದ ಸ್ವಲ್ಪ ನೀರು ಚಿಮುಕಿಸಬೇಕು. ಸದ್ದು ನಿಂತು ಮತ್ತ ಶುರುವಾದರ ಪುಲ್ಲಿಯ ನೇರ ತಪ್ಪೈತಿ. ಇನ್ನೂ ಜೋರಾದರ ಬೆಲ್ಟ್ ಸಡಿಲಾಗಿ ಜಾರಾಕತ್ತೈತಿ. ಒರಟು ಸದ್ದಾದರ ಇಂಜಿನ್ ನಿಲ್ಲಿಸಿ, ಬೆಲ್ಟ್ ಇಳಿಸಿ, ಒಂದೊಂದೇ ಪುಲ್ಲಿ ಕೈಲೆ ತಿರುಗಿಸಿ ನೋಡಬೇಕು. ಕರಕರ ಹತ್ತಿದ್ದು ಯಾವುದೋ ಅದರ ಬೇರಿಂಗೇ ಹೋಗೈತಿ. ಬೆಲ್ಟಿಗೆ ಸಾಬೂನು ಉಜ್ಜಬ್ಯಾಡ್ರಿ ಅನ್ನೋದನ್ನ ದೊಡ್ಡ ಅಕ್ಷರದಾಗ ಹಾಕ್ರಿ. ಎರಡು ದಿನ ಸುಮ್ಮನಿದ್ದು ಮತ್ತ ಒದರ್ತೈತಿ, ರೋಗ ಒಳಗೇ ಉಳೀತೈತಿ.

ಶಿವಮೊಗ್ಗದಿಂದ:

ನಾನು ಕೇಳಿದ್ದು ಗ್ಯಾರೇಜಿನ ಪಾಠವಲ್ಲ. ಬಾರು ಏಕೆ ಆಗದು ಎಂಬುದಕ್ಕೆ ಯಾರೂ ಉತ್ತರಿಸಿಲ್ಲ. ನಮ್ಮ ಹಿರಿಯರು ಗಾಡಿಯ ಇರುಸಿಗೆ ಕೀಲೆಣ್ಣೆ ಹಾಕುವಾಗ ಯಾವ ಇಂಗ್ಲಿಷ್ ಪದ ಬೇಕಿತ್ತು?

ಮೈಸೂರಿನಿಂದ:

ಉತ್ತರ ಕೊಡುತ್ತೇನೆ. ಅಂಗಡಿಗೆ ಹೋಗಿ ಬಾರು ಕೊಡಿ ಎಂದರೆ ಚಪ್ಪಲಿಯ ಬಾರು ಕೊಡುತ್ತಾರೆ. ಕೀಲೆಣ್ಣೆ ಉಳಿದದ್ದು ಗಾಡಿ ಹೊಡೆಯುವವನ ಬಾಯಲ್ಲಿ ಇದ್ದದ್ದರಿಂದ, ಯಾರೋ ಕೂತು ಕಟ್ಟಿದ್ದರಿಂದಲ್ಲ. ಬೆಲ್ಟ್ ಇಂದು ಅದೇ ಬಾಯಲ್ಲಿದೆ. ಪೋರ್ಚುಗೀಸರ ಚಾವಿ, ಅಲಮಾರು ಮನೆಯಲ್ಲಿಟ್ಟುಕೊಂಡು ಬೆಲ್ಟಿಗೆ ಬಾಗಿಲು ಹಾಕುವುದು ಯಾವ ನ್ಯಾಯ?

ಬೆಂಗಳೂರಿನಿಂದ:

ಜಗಳದಲ್ಲಿ ಒಂದು ತಪ್ಪು ನುಸುಳದಿರಲಿ. ಆಲ್ಟರ್ನೇಟರಿಗೆ ‘ಡೈನಮೋ’ ಎಂದು ಅಚ್ಚು ಹಾಕಬೇಡಿ, ಹಳೆಯ ಮೇಸ್ತ್ರಿಗಳು ಹಾಗೆ ಕರೆದರೂ. ಡೈನಮೋ ನೇರ ವಿದ್ಯುತ್ತನ್ನೇ ಹೊರಗೆ ಕೊಡುತ್ತದೆ. ಆಲ್ಟರ್ನೇಟರ್ ಒಳಗೆ ಹುಟ್ಟುವುದು ಪರ್ಯಾಯ ವಿದ್ಯುತ್, ಅದನ್ನು ನೇರ ಮಾಡುವುದು ಡಯೋಡ್. ನಿಮ್ಮ ನಾಲ್ಕನೆಯ ಸದ್ದು ಡಯೋಡಿನದು, ಹಾಗಾಗಿ ಡೈನಮೋ ಎಂದರೆ ಆ ಸಾಲೇ ಅರ್ಥ ಕಳೆದುಕೊಳ್ಳುತ್ತದೆ. ‘ಪರ್ಯಾಯಕ’ ಎಂದು ಯಾರಾದರೂ ಕಟ್ಟುವ ಮೊದಲೇ ಹೇಳುತ್ತೇನೆ, ಬೇಡ. ಓದುವವರು ಬದಲಿ ಬ್ಯಾಟರಿ ಎಂದುಕೊಳ್ಳುತ್ತಾರೆ.

ಕೋಲಾರದಿಂದ:

ಎಲ್ಲರಿಗೂ ವಂದನೆ. ಹೀಗೆ ಕಳಿಸುತ್ತಿದ್ದೇನೆ: ‘ಬೆಲ್ಟ್ ಒಂದೇ ಸಮನೆ ಕೂಗಿದರೆ: ಸಡಿಲ, ಜಾರುತ್ತಿದೆ. ಚಿಂವ್‌ಗುಟ್ಟಿದರೆ: ಪುಲ್ಲಿ ನೇರ ತಪ್ಪಿದೆ. ಗೊರಗುಟ್ಟಿದರೆ: ಬೇರಿಂಗ್ ಸವೆದಿದೆ. ಗುಂಯ್‌ಗುಟ್ಟಿ ಚಾರ್ಜ್ ಲೈಟ್ ಉರಿದರೆ: ಆಲ್ಟರ್ನೇಟರ್ ತೋರಿಸಿ.’ ಸಾಬೂನಿನ ಮಾತು ಕೆಂಪಕ್ಷರದಲ್ಲಿ ಬರುತ್ತದೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿಗೆ ‘ಬಿಗಿಗಾಲಿ’ ಎಂದು ಬರೆಯಲೇ? ಒಂಬತ್ತು ಗಂಟೆಯವರೆಗೆ ಕಾಯುತ್ತೇನೆ.

ಮೈಸೂರಿನಿಂದ:

ಗುಂಯ್‌ಗುಟ್ಟಿ ಅಲ್ಲ, ಗುಂಯ್‌ಗುಟ್ಟಿದರೆ ನನ್ನ ಕಿವಿಗೆ ಬಿಟ್ಟು ಬಿಟ್ಟು ಬಂದಂತಾಗುತ್ತದೆ. ಗುಂಯ್‌ಗುಡುತ್ತ. ದಯವಿಟ್ಟು ತಿದ್ದಿ.

ಹುಬ್ಬಳ್ಳಿಯಿಂದ:

ಬಿಗಿಗಾಲಿ ಬ್ಯಾಡ್ರಿ. ಟೆನ್ಷನರ್ ಅಂತಲೇ ಇರಲಿ, ಅಂಗಡ್ಯಾಗ ಕೇಳೋದು ಅದನ್ನೇ.