ಸಹಾಯ ಬೇಕು: ಮಗಳಿಗೆ ಸ್ಯಾಟ್ ಸರಿಯೋ, ಎಸಿಟಿಯೋ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಲು ಮಗಳು ಯಾವ ಪರೀಕ್ಷೆ ಬರೆಯಬೇಕು ಅನ್ನೋದೇ ತೀರ್ಮಾನವಾಗುತ್ತಿಲ್ಲ. ಅವಳು ಲೆಕ್ಕದಲ್ಲಿ ಗಟ್ಟಿ, ಆದರೆ ನಿಧಾನ. ಸಮಯ ಮುಗಿಯುತ್ತಾ ಬಂತು ಅಂದರೆ ತುಂಬಾ ಗಾಬರಿಯಾಗುತ್ತಾಳೆ.

ಸ್ಯಾಟ್‌ನಲ್ಲಿ 2 ಗಂಟೆ 14 ನಿಮಿಷಕ್ಕೆ 98 ಪ್ರಶ್ನೆ. ಓದಲು ಕೊಡುವ ಭಾಗಗಳೂ ಚಿಕ್ಕವು. ಅವಳಿಗೆ ಅದೇ ಒಗ್ಗುತ್ತದೆ ಅಂತ ನನ್ನ ಅನಿಸಿಕೆ. ಆದರೆ ಅದರಲ್ಲಿ ಪ್ರತಿ ವಿಷಯಕ್ಕೂ ಎರಡು ಮಾಡ್ಯೂಲ್ (ಪ್ರಶ್ನೆಗಳ ಕಂತು); ಮೊದಲ ಮಾಡ್ಯೂಲ್ ಹೇಗೆ ಬರೆದೆವು ಅನ್ನೋದರ ಮೇಲೆ ಎರಡನೆಯದು ಸುಲಭವೋ ಕಷ್ಟವೋ ಆಗುತ್ತದಲ್ಲ, ಅವಳಿಗೆ ಅದೇ ಭಯ. ಎಸಿಟಿಯಲ್ಲಿ ಆ ತಾಪತ್ರಯ ಇಲ್ಲ. 2025ರಿಂದ ವಿಜ್ಞಾನದ ಭಾಗವೂ ಕಡ್ಡಾಯವಲ್ಲ.

ಮಾದರಿ ಪರೀಕ್ಷೆ ಎರಡನ್ನೂ ಬರೆಸಿದವರು ಇದ್ದೀರಾ? ಸ್ಯಾಟ್ 1600ಕ್ಕೆ, ಎಸಿಟಿ 36ಕ್ಕೆ. ಅಂಕ ಹೇಗೆ ಹೋಲಿಸಿದಿರಿ? ಎರಡಕ್ಕೂ ಓದಿಸುವುದು ಮಗುವಿಗೆ ಸುಮ್ನೆ ಹೊರೆ ಅಲ್ವಾ? ದಯವಿಟ್ಟು ನಿಮ್ಮ ಅನುಭವ ತಿಳಿಸಿ.