ಕರುಳಿನ ಕ್ಯಾನ್ಸರ್ ಪ್ಲಾಸ್ಮಾದಲ್ಲಿ ಮಿರ್-21 ಏರೋ ಬದಲು ಇಳೀತಿದೆ, ಯಾರಾದ್ರೂ ದಾರಿ ತೋರಿಸಿ

ಹಿಮಬಿಂದು:
ಆರು ವಾರದಿಂದ ಇದೇ ಕೆಲಸ, ತಲೆ ಕೆಟ್ಟುಹೋಗಿದೆ. ದೊಡ್ಡಕರುಳಿನ ಕ್ಯಾನ್ಸರ್ ಇರೋ 12 ಜನ, ಆರೋಗ್ಯವಂತರು 12 ಜನ. ಪ್ಲಾಸ್ಮಾದಿಂದ (ರಕ್ತಕಣ ಬೇರ್ಪಡಿಸಿದ ಮೇಲೆ ಉಳಿಯೋ ದ್ರವ) ಆರ್‌ಎನ್‌ಎ ತೆಗೆದು ಮಿರ್-21 ಅನ್ನೋ ಮೈಕ್ರೋಆರ್‌ಎನ್‌ಎ (ಪುಟ್ಟ ಆರ್‌ಎನ್‌ಎ ತುಂಡು) ಎಷ್ಟಿದೆ ಅಂತ ಕ್ಯೂಪಿಸಿಆರ್‌ನಲ್ಲಿ ಅಳೆದೆ. ಓದಿದ ಪೇಪರ್‌ಗಳಲ್ಲೆಲ್ಲ ಕ್ಯಾನ್ಸರ್‌ನಲ್ಲಿ ಅದು ಹೆಚ್ಚು. ನನಗೆ ನಾಲ್ಕು ಪಟ್ಟು ಕಡಿಮೆ! ಮೂರು ಸಲ ರಿಪೀಟ್ ಮಾಡಿದ್ರೂ ಅದೇ ಉತ್ತರ. ಕಿಟ್ ಕೆಟ್ಟಿದೆಯಾ? ಮುಂದಿನ ವಾರ ಗೈಡ್‌ಗೆ ತೋರಿಸಬೇಕು.

ಎಳೆಗಾರ:
ಪ್ರೈಮರ್ (ಪಿಸಿಆರ್‌ನಲ್ಲಿ ಗುರಿಯನ್ನ ಹಿಡಿಯೋ ಚಿಕ್ಕ ತುಂಡು) ನೋಡಿ. ಮಡಚಿಕೊಂಡ ಒಂದೇ ಆರ್‌ಎನ್‌ಎಯಿಂದ (ಹೇರ್‌ಪಿನ್) ಎರಡು ಎಳೆ ಬರುತ್ತೆ, 21-5ಪಿ ಮತ್ತು 21-3ಪಿ. ಎಲ್ಲರೂ ಅಳೆಯೋದು 5ಪಿ. ನೀವು 3ಪಿ ತರಿಸಿದ್ರೆ ಕಥೆಯೇ ಬೇರೆ.

ಹಿಮಬಿಂದು:
5ಪಿನೇ ಸರ್. ಡಬ್ಬಿ ಮೇಲೆ ಬರೆದಿದೆ.

ಎಳೆಗಾರ:
ಡಬ್ಬಿ ನಂಬಬೇಡಿ, ಸೀಕ್ವೆನ್ಸ್ ಹಾಕಿ. ಮೆಲ್ಟ್ ಕರ್ವ್‌ನಲ್ಲಿ ಒಂದೇ ಪೀಕ್ ಇದೆಯಾ, ಅಂದ್ರೆ ಒಂದೇ ತುಂಡು ಬೆಳೆದಿದೆಯಾ? ಆರ್‌ಎನ್‌ಎಯನ್ನ ಡಿಎನ್‌ಎ ಮಾಡಿದ್ದು ಸ್ಟೆಮ್-ಲೂಪ್ ಪ್ರೈಮರಿಂದಾನಾ, ಪಾಲಿ-ಎ ಬಾಲ ಹಚ್ಚೋ ವಿಧಾನದಿಂದಾನಾ? 22 ಅಕ್ಷರದ ತುಂಡು ಇದು. ಪ್ರೈಮರ್ ಒಂದು ಅಕ್ಷರ ತಪ್ಪಿದ್ರೂ ಕೆಲಸ ಹಾಳು.

ಸೈಕಲ್40:
ಎಳೆಗಾರರೇ, ಪ್ರೈಮರ್ ತಪ್ಪಿದ್ರೆ ಎರಡೂ ಗುಂಪಿನಲ್ಲಿ ತಪ್ಪಬೇಕಲ್ವಾ? ಒಂದೇ ಗುಂಪು ಹೇಗೆ ಇಳಿಯುತ್ತೆ? ಹಿಮಬಿಂದು ಅವರೇ, ಹೋಲಿಕೆಗೆ ಬಳಸಿದ ರೆಫರೆನ್ಸ್ ಯಾವುದು? ಹಸಿ ಸಿಟಿ ಹಾಕಿ (ಎಷ್ಟನೇ ಸೈಕಲ್‌ಗೆ ಸಿಗ್ನಲ್ ಕಂಡಿತು ಅನ್ನೋ ಸಂಖ್ಯೆ, ಅದು ಚಿಕ್ಕದಾದಷ್ಟೂ ಆರ್‌ಎನ್‌ಎ ಹೆಚ್ಚು).

ಎಳೆಗಾರ:
ಪ್ರೈಮರ್ ಬದಲಾಯಿಸಿದ ಮೇಲೆ ಸರಿಹೋದ ಕೇಸ್ ನಾನೇ ಎರಡು ನೋಡಿದೀನಿ. ಸೀಕ್ವೆನ್ಸ್ ಹಾಕಲಿ, ಆಮೇಲೆ ಮಾತಾಡೋಣ.

ಹಿಮಬಿಂದು:
ರೆಫರೆನ್ಸ್ ಮಿರ್-16, ಎಲ್ಲರೂ ಅದನ್ನೇ ಬಳಸ್ತಾರಲ್ಲ. ಲೈಸಿಸ್ ಬಫರ್ ಹಾಕಿದ ಮೇಲೆ ಸ್ಪೈಕ್-ಇನ್ ಸೆಲ್-ಮಿರ್-39 ಕೂಡ ಸೇರಿಸಿದ್ದೆ (ನಷ್ಟ ನೋಡಕ್ಕೆ ಎಲ್ಲ ಸ್ಯಾಂಪಲ್‌ಗೂ ಹೊರಗಿನಿಂದ ಸಮನಾಗಿ ಹಾಕೋ ಆರ್‌ಎನ್‌ಎ). ಸರಾಸರಿ ಸಿಟಿ:
ಕ್ಯಾನ್ಸರ್: ಮಿರ್-21 25.1, ಮಿರ್-16 19.0, ಸ್ಪೈಕ್ 21.3
ಆರೋಗ್ಯ: ಮಿರ್-21 26.0, ಮಿರ್-16 21.9, ಸ್ಪೈಕ್ 21.2

ಸೈಕಲ್40:
ಇದನ್ನ ಮೊದಲೇ ಹಾಕಬೇಕಿತ್ತು. ಸ್ಪೈಕ್ ಎರಡೂ ಕಡೆ ಸಮ ಇದೆ, ಅಂದ್ರೆ ಎಕ್ಸ್‌ಟ್ರ್ಯಾಕ್ಷನ್ ಚೆನ್ನಾಗಿದೆ, ಕಿಟ್ ಕೆಟ್ಟಿಲ್ಲ. ನಿಮ್ಮ ಮಿರ್-21 ಇಳಿದಿಲ್ಲ, ಒಂದು ಸೈಕಲ್‌ನಷ್ಟು ಏರಿದೆ. ಆದ್ರೆ ಮಿರ್-16 ಸುಮಾರು ಮೂರು ಸೈಕಲ್ ಏರಿದೆ. ಮಿರ್-21ರಿಂದ ಮಿರ್-16 ಕಳೆದಾಗ 6.1ಕ್ಕೆ ಎದುರಾಗಿ 4.1 ಬರುತ್ತೆ. ಒಂದು ಸೈಕಲ್ ಅಂದ್ರೆ ಎರಡು ಪಟ್ಟು, ನಿಮ್ಮ ನಾಲ್ಕು ಪಟ್ಟು ಇಳಿಕೆ ಅಲ್ಲಿಂದ ಬಂದಿದ್ದು. ಮಿರ್-16 ಕೆಂಪು ರಕ್ತಕಣದಲ್ಲಿ ತುಂಬಿ ತುಳುಕುತ್ತೆ. ಕಣ ಒಡೆದ್ರೆ ಪ್ಲಾಸ್ಮಾಗೆ ಸುರಿಯುತ್ತೆ. ಯಾವ ಟ್ಯೂಬ್? ರಕ್ತ ತೆಗೆದು ಎಷ್ಟು ಹೊತ್ತಿಗೆ ಸ್ಪಿನ್ (ಕಣ ಬೇರ್ಪಡಿಸಲು ಟ್ಯೂಬ್ ತಿರುಗಿಸೋದು)?

ತಂಪುಪೆಟ್ಟಿಗೆ:
ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಹಾಕಿದ ಟ್ಯೂಬ್ ಆಗಿದ್ರೆ ಅದು ಪಿಸಿಆರ್ ಕಿಣ್ವನೇ ಕಟ್ಟಿಹಾಕುತ್ತೆ. ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯೋ ದ್ರವ) ತಗೊಳ್ಳಿ, ಪ್ಲಾಸ್ಮಾ ಸಹವಾಸ ಬೇಡ.

ಸೈಕಲ್40:
ಹೆಪಾರಿನ್ ಅಡ್ಡಬಂದ್ರೆ ಸ್ಪೈಕ್ ಸಿಟಿನೂ ಹಿಂದೆ ಬೀಳಬೇಕಿತ್ತು, ಬಿದ್ದಿಲ್ಲ. ಸೀರಂನಲ್ಲಿ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳೇ ಆರ್‌ಎನ್‌ಎ ಬಿಡ್ತವೆ, ಅದು ಇನ್ನೊಂದು ತೊಡಕು.

ತಂಪುಪೆಟ್ಟಿಗೆ:
ಸೀರಂನಲ್ಲೇ ಮಾಡಿದ ಒಳ್ಳೇ ಕೆಲಸ ಎಷ್ಟಿಲ್ಲ? ನಾನು ವರ್ಷಗಟ್ಟಲೆ ಸೀರಂ ಬಳಸ್ತಿದೀನಿ. ಈಗ ಡಿಜಿಟಲ್ ಪಿಸಿಆರ್ ಇದೆ, ಹನಿ ಹನಿಯಲ್ಲಿ ಗುರಿ ತುಂಡುಗಳ ನೇರ ಎಣಿಕೆ ಸಿಗುತ್ತೆ, ಹೋಲಿಕೆಗೆ ಸ್ಟ್ಯಾಂಡರ್ಡ್ ಕರ್ವ್ ಬೇಡವೇ ಬೇಡ.

ಸೈಕಲ್40:
ಒಡೆದ ಕಣದಿಂದ ಬಂದ ಆರ್‌ಎನ್‌ಎಯನ್ನೂ ಆ ಯಂತ್ರ ಅಷ್ಟೇ ನಿಖರವಾಗಿ ಎಣಿಸುತ್ತೆ. ಮೊದಲು ಸ್ಯಾಂಪಲ್ ಸರಿ ಇರಬೇಕು.

ಹಿಮಬಿಂದು:
ಇಡಿಟಿಎ ಟ್ಯೂಬ್ (ಹೆಪ್ಪುಗಟ್ಟದ ಹಾಗೆ ತಡೆಯೋ ಇನ್ನೊಂದು ಬಗೆ), ಹೆಪಾರಿನ್ ಅಲ್ಲ. ಪ್ಲಾಸ್ಮಾ ನೋಡಕ್ಕೆ ಹಳದಿನೇ ಇತ್ತು, ಕೆಂಪಿರಲಿಲ್ಲ. ಹಂಗಾದ್ರೆ ಸ್ಪೈಕ್‌ನೇ ರೆಫರೆನ್ಸ್ ಮಾಡ್ಕೊಂಡ್ರೆ ಆಯ್ತಲ್ಲ? ಲೆಕ್ಕ ಹಾಕಿದೆ, ಎರಡು ಪಟ್ಟು ಹೆಚ್ಚು ಬರ್ತಿದೆ!

ಸೈಕಲ್40:
ದಯವಿಟ್ಟು ಹಾಗೆ ಮಾಡಬೇಡಿ. ಉತ್ತರ ನೋಡಿ ರೆಫರೆನ್ಸ್ ಬದಲಾಯಿಸೋದು ತಪ್ಪು. ಸ್ಪೈಕ್ ಸರಿಮಾಡೋದು ಎಕ್ಸ್‌ಟ್ರ್ಯಾಕ್ಷನ್ ಮತ್ತು ಆರ್‌ಟಿಯಲ್ಲಾದ (ಆರ್‌ಎನ್‌ಎಯನ್ನ ಡಿಎನ್‌ಎ ಮಾಡೋ ಹಂತ) ನಷ್ಟ ಮಾತ್ರ, ಕಣ ಒಡೆದದ್ದನ್ನಲ್ಲ. ಮಿರ್-21 ರಕ್ತಕಣಗಳಲ್ಲೂ ಇರುತ್ತೆ. ಆ ಎರಡು ಪಟ್ಟು ಗೆಡ್ಡೆಯಿಂದ ಬಂತಾ, ಸಿರಿಂಜ್‌ನಲ್ಲಿ ಒಡೆದ ಕಣದಿಂದ ಬಂತಾ ಹೇಳಕ್ಕಾಗಲ್ಲ.
ಕಣ್ಣಿಗೆ ಹಳದಿ ಕಂಡ್ರೂ ಕಣ ಒಡೆದಿರಬಹುದು. ಎರಡು ಮೈಕ್ರೋಲೀಟರ್ ಪ್ಲಾಸ್ಮಾ ಇಟ್ಟು 414 ನ್ಯಾನೋಮೀಟರ್‌ನಲ್ಲಿ ಓದಿ, ಹಿಮೋಗ್ಲೋಬಿನ್ ಅಲ್ಲಿ ಗುಡ್ಡದ ಥರ ಎದ್ದು ಕಾಣುತ್ತೆ. ಜೊತೆಗೆ ಮಿರ್-23ಎ ಮತ್ತು ಕೆಂಪು ರಕ್ತಕಣದಲ್ಲಿ ತುಂಬಿರೋ ಮಿರ್-451ಎ ಓಡಿಸಿ. ಕಣ ಒಡೆದ್ರೆ 23ಎ ಅಷ್ಟಾಗಿ ಕದಲಲ್ಲ, 451ಎ ಜಿಗಿಯುತ್ತೆ. 23ಎ ಸಿಟಿಯಿಂದ 451ಎ ಸಿಟಿ ಕಳೆಯಿರಿ: 5ರೊಳಗೆ ಇದ್ರೆ ನೆಮ್ಮದಿ, 7 ದಾಟಿದ್ರೆ ಸ್ಯಾಂಪಲ್ ಪಕ್ಕಕ್ಕೆ.

ಯಕೃತ್ತು_ನೋಟ:
ಮಧ್ಯೆ ಒಂದು ಪ್ರಶ್ನೆ. ಲಿವರ್ ಕ್ಯಾನ್ಸರ್‌ಗೆ ಮಿರ್-122 ಅಳೀತಿದೀನಿ, ರಕ್ತದಲ್ಲಿ ವಿಪರೀತ ಏರಿದೆ. ಕ್ಯಾನ್ಸರ್ ಗುರುತಿಸೋ ಮಾರ್ಕರ್ ಅಂತ ಹೇಳಬಹುದಾ?

ಎಳೆಗಾರ:
ಯಕೃತ್ತಿನ ಕೋಶದ ಮೈಕ್ರೋಆರ್‌ಎನ್‌ಎಯಲ್ಲಿ ಬಹುಪಾಲು 122ನೇ. ಹೆಪಟೈಟಿಸ್ ಇರಲಿ, ಔಷಧಿಯ ವಿಷ ಇರಲಿ, ಕೋಶ ಸತ್ತರೆ ರಕ್ತಕ್ಕೆ ಬರುತ್ತೆ. ಲಿವರ್ ಗೆಡ್ಡೆಯೊಳಗೆ ಎಷ್ಟೋ ಸಲ ಅದು ಕಡಿಮೆ ಇರುತ್ತೆ. ಏರಿದೆ ಅಂದಮಾತ್ರಕ್ಕೆ ಕ್ಯಾನ್ಸರ್ ಅನ್ನಕ್ಕಾಗಲ್ಲ.

ಮಾಡರೇಟರ್:
122 ಚರ್ಚೆಗೆ ಬೇರೆ ಎಳೆ ತೆರೆಯಿರಿ.

ಹಿಮಬಿಂದು:
ಓಡಿಸಿದೆ. ಕ್ಯಾನ್ಸರ್‌ನ 12ರಲ್ಲಿ 8 ಸ್ಯಾಂಪಲ್ 7 ದಾಟಿವೆ. ಆರೋಗ್ಯವಂತರಲ್ಲಿ ಒಂದು ಬಿಟ್ಟು ಎಲ್ಲ 5ರೊಳಗೆ. ಫ್ರೀಜರ್‌ನಿಂದ ತೆಗೆದು ಬಿಳಿ ಹಾಳೆ ಮೇಲೆ ಸಾಲಾಗಿ ಇಟ್ಟೆ. ಒಂದೊಂದೇ ನೋಡಿದಾಗ ಗೊತ್ತಾಗದೇ ಇದ್ದದ್ದು ಈಗ ಕಾಣ್ತಿದೆ, ಆ ಎಂಟರಲ್ಲಿ ಆರು ದಾಸವಾಳ ನೆನೆಸಿದ ನೀರಿನ ಥರ ತೆಳುಗೆಂಪು.
ಹೇಳಬೇಕಿದ್ದ ಇನ್ನೊಂದು ವಿಷಯ: ರೋಗಿಗಳ ರಕ್ತ ವಾರ್ಡ್‌ನಲ್ಲಿ ಕ್ಯಾನುಲಾದಿಂದ (ನರದಲ್ಲಿ ಇಟ್ಟಿರೋ ಸಣ್ಣ ಕೊಳವೆ) ಬೆಳಿಗ್ಗೆ ತೆಗೆದದ್ದು, ನನ್ನ ಕೈಗೆ ಬರುವಾಗ ಮಧ್ಯಾಹ್ನ. ಆರೋಗ್ಯವಂತರು ಅಂದ್ರೆ ನಮ್ಮ ಲ್ಯಾಬ್‌ನವರೇ, ಅರ್ಧ ಗಂಟೆಯಲ್ಲಿ ಸ್ಪಿನ್. ಅದು ಮುಖ್ಯ ಅಂತ ಹೊಳೀಲೇ ಇಲ್ಲ.

ಸೈಕಲ್40:
ಅಲ್ಲೇ ಇದೆ ಗಂಟು. ಕ್ಯಾನುಲಾ, ಕಾಯೋ ಸಮಯ ಎರಡೂ ಕಣ ಒಡೆಯಬಹುದು, ಎರಡೂ ಪೂರಾ ಒಂದೇ ಗುಂಪಿನ ಜೊತೆ ಅಂಟಿಕೊಂಡಿವೆ. ಯಾವ ಸ್ಟ್ಯಾಟಿಸ್ಟಿಕ್ಸೂ ಬಿಡಿಸಲ್ಲ. ಹೊಸದಾಗಿ ತೆಗೆಯಬೇಕು: ಎರಡೂ ಗುಂಪಿಗೂ ಒಂದೇ ದಪ್ಪದ ಸೂಜಿ, ಒಂದೇ ಗಡುವು, ಎರಡು ಸಲ ಸ್ಪಿನ್. ಪ್ಲೇಟ್‌ಲೆಟ್ ಉಳಿದ್ರೆ ಫ್ರೀಜ್ ಮಾಡಿದಾಗ ಅದೂ ಒಡೆಯುತ್ತೆ. ಗೈಡ್‌ಗೆ ಈ 23ಎ-451ಎ ಪಟ್ಟಿಯನ್ನೇ ತೋರಿಸಿ, ಅರ್ಥ ಮಾಡ್ಕೋತಾರೆ.

ಎಳೆಗಾರ:
ಒಪ್ತೀನಿ. ಆದ್ರೂ ಪ್ರೈಮರ್ ಸೀಕ್ವೆನ್ಸ್ ಒಮ್ಮೆ ನೋಡ್ಕೊಳ್ಳಿ.

ತಂಪುಪೆಟ್ಟಿಗೆ:
ಸೀರಂನಲ್ಲೂ ಇದೇ 451ಎ ಚೆಕ್ ನಡೆಯುತ್ತಾ? ನನ್ನ ಹಳೇ ಸ್ಯಾಂಪಲ್ 60 ಇವೆ.

ಹಿಮಬಿಂದು:
ಗೈಡ್ ಒಪ್ಪಿದ್ರು. ವಾರ್ಡ್‌ಗೆ ನಾನೇ ಹೋಗಿ ನಿಂತು ಮೂರು ಹೊಸ ಸ್ಯಾಂಪಲ್ ತಂದೆ, 40 ನಿಮಿಷದಲ್ಲಿ ಸ್ಪಿನ್. 23ಎ-451ಎ ವ್ಯತ್ಯಾಸ 3.9, 4.4, 8.1. ಮೂರನೇಯವರಿಗೆ ನರ ಸಿಗದೆ ಎರಡು ಸಲ ಚುಚ್ಚಿದ್ರು, ಅದನ್ನ ಪಕ್ಕಕ್ಕಿಟ್ಟೆ. ಮಿರ್-21 ಇನ್ನೂ ಮುಟ್ಟಿಲ್ಲ, 12 ಆಗೋ ತನಕ ಮುಟ್ಟಲ್ಲ.